ದಾರಿಯಲ್ಲಿ ಬಿದ್ದವನಿಂದ ಪಾಠ

ಧರ್ಮಗುರುವಾಗಲು ಕಾಲೇಜು ಬೇಕೆ? ಈ ಪ್ರಶ್ನೆಯನ್ನು ಯಾವ ಸಮುದಾಯದ ಮುಂದಿಟ್ಟರೂ ಎರಡು ಬಗೆಯ ಉತ್ತರಗಳು ಬರುತ್ತವೆ. ದೇವರ ಭಯ ಇರುವವನು, ನಾಲ್ಕು ಜನರ ಕಷ್ಟಕ್ಕೆ ಮರುಗುವವನು ಸಿಕ್ಕರೆ ಸಾಕು, ಅವನಿಗೆ ಪದವಿ ಯಾಕೆ, ಪ್ರಮಾಣಪತ್ರ ಯಾಕೆ ಎನ್ನುವವರು ಕೆಲವರು. ಓದದವನ ಕೈಗೆ ಧರ್ಮವನ್ನು ಕೊಟ್ಟರೆ ಧರ್ಮವೂ ಕೆಡುತ್ತದೆ, ಜನರೂ ಕೆಡುತ್ತಾರೆ ಎನ್ನುವವರು ಇನ್ನು ಕೆಲವರು. ಎರಡರಲ್ಲೂ ಹುರುಳಿದೆ. ಉರ್ದುವಿನಲ್ಲಿ ಒಂದು ಗಾದೆ ಇದೆ: ನೀಮ್ ಹಕೀಮ್ ಖತ್ರಾ-ಎ-ಜಾನ್, ನೀಮ್ ಮುಲ್ಲಾ ಖತ್ರಾ-ಎ-ಈಮಾನ್. ಅರೆಬರೆ ವೈದ್ಯನಿಂದ ಜೀವಕ್ಕೆ ಅಪಾಯ, ಅರೆಬರೆ ಮುಲ್ಲಾನಿಂದ ಈಮಾನಿಗೆ ಅಪಾಯ ಎಂದರ್ಥ. ಆದರೆ ಪೂರ್ತಿ ಓದಿದ ಮುಲ್ಲಾನಿಂದ, ಪೂರ್ತಿ ಓದಿದ ಪಾದ್ರಿಯಿಂದ ಏನಾಗುತ್ತದೆ ಎಂಬುದನ್ನು ಗಾದೆ ಹೇಳುವುದಿಲ್ಲ.

ಈ ಹೇಳದೆ ಬಿಟ್ಟ ಭಾಗದ ಬಗ್ಗೆ ಯೋಚಿಸಲು ನಾವು ಕ್ರೈಸ್ತರ ಸೆಮಿನರಿಗಳ ಕಡೆ ನೋಡುತ್ತಿದ್ದೇವೆ. ಅದಕ್ಕೆ ಕಾರಣವಿದೆ. ತಮ್ಮ ಧರ್ಮಗುರುಗಳ ತರಬೇತಿ ಫಲ ಕೊಡುತ್ತಿದೆಯೇ ಇಲ್ಲವೇ ಎಂಬುದನ್ನು ಅವರು ಹೊರಗಿನವರ ಟೀಕೆಗೆ ಬಿಡಲಿಲ್ಲ. ಸ್ವತಃ ದೇವಶಾಸ್ತ್ರ ಓದಿದ ಒಬ್ಬರೇ ಆ ಪರೀಕ್ಷೆಯನ್ನು ನಡೆಸಿದರು. ಫಲಿತಾಂಶ ಮುಜುಗರ ತರುವಂಥದ್ದಾಗಿದ್ದರೂ ಅಚ್ಚುಹಾಕಿಸಿದರು. ಇಂಥ ಧೈರ್ಯ ಎಲ್ಲ ಕಡೆ ಕಾಣಸಿಗುವುದಿಲ್ಲ.

ಮೊದಲು ಆ ಓದು ಹೇಗಿರುತ್ತದೆ ಎಂಬುದನ್ನು ನೋಡೋಣ. ಅಮೆರಿಕದ ಹಳೆಯ ದೊಡ್ಡ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಸಭಾಪಾಲಕನಾಗಬೇಕಾದರೆ ಸಾಮಾನ್ಯ ಪದವಿಯ ಮೇಲೆ ಮತ್ತೆ ಮೂರು ವರ್ಷ ಸೆಮಿನರಿಯಲ್ಲಿ ಓದಬೇಕು. ಆ ಪದವಿಗೆ ಈಗ ಮಾಸ್ಟರ್ ಆಫ್ ಡಿವಿನಿಟಿ ಎಂದು ಹೆಸರು. ಹೀಬ್ರೂ, ಗ್ರೀಕ್, ಬೈಬಲ್ ವ್ಯಾಖ್ಯಾನ, ಸಭೆಯ ಚರಿತ್ರೆ, ದೇವಶಾಸ್ತ್ರ, ನೀತಿಶಾಸ್ತ್ರ, ಪ್ರಸಂಗ ಮಾಡುವ ಕಲೆ, ಆರಾಧನೆ ನಡೆಸುವ ಕ್ರಮ, ಯಾವುದಾದರೂ ಸಭೆಯಲ್ಲಿ ಹಿರಿಯ ಪಾಸ್ಟರ್ ಒಬ್ಬರ ಕೈಕೆಳಗೆ ಕೆಲಸ, ಇಷ್ಟು ಇರುತ್ತದೆ. ನಮ್ಮ ದೇಶದಲ್ಲಿ ಅದೇ ಬಗೆಯ ಪದವಿಗೆ ಬಿ.ಡಿ. ಎನ್ನುತ್ತಾರೆ. ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ ಮತ್ತು ಅವನ ಜೊತೆಗಾರರು 1818ರಲ್ಲಿ ಕಟ್ಟಿದ ಕಾಲೇಜಿನ ಸೆನೆಟ್ ಇದನ್ನು ಕೊಡುತ್ತದೆ. ಬೆಂಗಳೂರಿನಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇವೆಲ್ಲ ಆ ವ್ಯವಸ್ಥೆಗೆ ಸೇರಿದವು. ಕ್ಯಾಥೋಲಿಕರ ಗುರುಮಠಗಳ ದಾರಿಯೇ ಬೇರೆ, ವರ್ಷಗಳೂ ಹೆಚ್ಚು. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಬಲ್ಮಠದ ಪರಂಪರೆ ಕನ್ನಡಿಗರಿಗೆ ಹೊಸದಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಶನ್ನಿನವರು. ಅವರ ಪ್ರಭಾವದಿಂದ 1844ರಲ್ಲಿ ಕ್ರೈಸ್ತನಾದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ, ದೇವಶಾಸ್ತ್ರ ಓದಿ, 1851ರಲ್ಲಿ ದೀಕ್ಷೆ ಪಡೆದು ಮಂಗಳೂರಿಗೆ ಮರಳಿದರು. ಇಲ್ಲಿನ ಸೆಮಿನರಿಯಲ್ಲಿ ಪಾಠ ಹೇಳಿದರು. ನಿಘಂಟಿನ ಕಿಟ್ಟೆಲ್ ಕೂಡ ಬಾಸೆಲ್ಲಿನಲ್ಲೇ ತರಬೇತಾಗಿ 1853ರಲ್ಲಿ ಇಲ್ಲಿಗೆ ಬಂದವರು. ಸೆಮಿನರಿಯ ಓದು ಭಾಷೆಗೆ, ವಿದ್ವತ್ತಿಗೆ ಏನು ಕೊಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಿಟ್ಟೆಲ್ ಕೋಶ ಇಂದಿಗೂ ನಮ್ಮ ಮೇಜಿನ ಮೇಲಿದೆ.

ನಾವು ಕೇಳುತ್ತಿರುವುದು ಬೇರೆ. ರಾತ್ರಿ ಎರಡು ಗಂಟೆಗೆ ಒಂದು ಮನೆಯಿಂದ ಕರೆ ಬರುತ್ತದೆ. ಮಗು ತೀರಿಕೊಂಡಿದೆ. ಪಾಸ್ಟರ್ ಹೋಗಬೇಕು. ಆ ಬಾಗಿಲಲ್ಲಿ ನಿಂತಾಗ ಹೀಬ್ರೂ ವ್ಯಾಕರಣ ಅವನ ಕೈ ಹಿಡಿಯುವುದಿಲ್ಲ. ಆ ಬಾಗಿಲಿಗೆ ಪಾಠವುಂಟೆ? ಮರುಕ, ಸಹನೆ, ಬೇರೆಯವರ ನೋವಿನ ಮುಂದೆ ಓಡಿಹೋಗದೆ ನಿಲ್ಲುವ ಗುಣ, ಇವು ಹುಟ್ಟಿನಿಂದ ಬರುವಂಥವೋ, ದೇವರು ಕೊಡುವಂಥವೋ, ಅಥವಾ ಮೂರು ವರ್ಷದ ಕೋರ್ಸಿನಲ್ಲಿ ಕಲಿಸಬಹುದಾದವೋ?

ಏಸುವೇ ಈ ಪ್ರಶ್ನೆಗೆ ಒಂದು ಕಥೆ ಹೇಳಿದ್ದಾರೆ. ಲೂಕನ ಸುವಾರ್ತೆಯಲ್ಲಿ ಬರುವ ಆ ಸಾಮತಿ ಕ್ರೈಸ್ತರಲ್ಲದ ಓದುಗರಿಗೂ ಅಲ್ಪಸ್ವಲ್ಪ ಗೊತ್ತಿರುತ್ತದೆ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಒಬ್ಬನನ್ನು ಕಳ್ಳರು ದೋಚಿ, ಹೊಡೆದು, ಅರೆಜೀವ ಮಾಡಿ ಬಿಟ್ಟುಹೋದರು. ಅದೇ ದಾರಿಯಲ್ಲಿ ದೇವಾಲಯದ ಯಾಜಕನೊಬ್ಬ ಬಂದ, ನೋಡಿ ಪಕ್ಕಕ್ಕೆ ಸರಿದು ಹೋದ. ದೇವಾಲಯದ ಸೇವೆಗೆ ಮೀಸಲಾದ ಲೇವಿ ಕುಲದವನು ಬಂದ, ಅವನೂ ಹಾಗೇ ಹೋದ. ಮೂರನೆಯವನು ಸಮಾರ್ಯದವನು. ಯೆಹೂದ್ಯರ ಕಣ್ಣಿನಲ್ಲಿ ಧರ್ಮಭ್ರಷ್ಟ, ಮುಟ್ಟಿಸಿಕೊಳ್ಳಬಾರದವನು. ಅವನು ನಿಂತ. ಗಾಯಕ್ಕೆ ಎಣ್ಣೆ ಹಾಕಿ, ದ್ರಾಕ್ಷಾರಸ ಹೊಯ್ದು, ಬಟ್ಟೆ ಕಟ್ಟಿ, ತನ್ನ ವಾಹನದ ಮೇಲೆ ಹತ್ತಿಸಿಕೊಂಡು ಛತ್ರಕ್ಕೆ ಕರೆದೊಯ್ದ. ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚಿಗೆ ಖರ್ಚಾದರೆ ಮರಳಿ ಬರುವಾಗ ಕೊಡುತ್ತೇನೆ ಎಂದ.

ಈ ಕಥೆ ಕೇಳಿಸಿಕೊಂಡವನು ಯಾರು ಎಂಬುದು ಮುಖ್ಯ. ಅವನು ಧರ್ಮಶಾಸ್ತ್ರ ಬಲ್ಲ ಪಂಡಿತ. ದೇವರನ್ನು ಪ್ರೀತಿಸು, ನೆರೆಯವನನ್ನು ಪ್ರೀತಿಸು ಎಂಬ ಉತ್ತರ ಅವನ ನಾಲಿಗೆಯ ಮೇಲೇ ಇತ್ತು. ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆಯುವವನು. ನೆರೆಯವನು ಎಂದರೆ ಯಾರು ಎಂದು ಅವನು ವ್ಯಾಖ್ಯೆ ಕೇಳಿದ್ದಕ್ಕೆ ಕಥೆ ಹುಟ್ಟಿತು. ಕಥೆಯಲ್ಲಿ ತರಬೇತಾದ ಇಬ್ಬರೂ ದಾಟಿಹೋಗುತ್ತಾರೆ, ತರಬೇತಿಲ್ಲದವನು ನಿಲ್ಲುತ್ತಾನೆ. ಇದನ್ನು ಸೆಮಿನರಿಯ ಪಠ್ಯದಲ್ಲಿ ಇಟ್ಟು ಪಾಠ ಮಾಡುವುದೆಂದರೆ ಆ ಮೇಷ್ಟ್ರಿಗೆ ಒಳಗೊಳಗೇ ಇರುಸುಮುರುಸಾಗಬೇಕು.

1970ರ ಡಿಸೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಥಿಯಾಲಾಜಿಕಲ್ ಸೆಮಿನರಿಯ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗ ಈ ಕಥೆಯನ್ನೇ ಬೀದಿಗೆ ತಂದಿತು. 1812ರಿಂದ ಪಾಸ್ಟರುಗಳನ್ನು ತಯಾರು ಮಾಡುತ್ತಿರುವ ಹೆಸರಾಂತ ಸಂಸ್ಥೆ ಅದು. ಪ್ರಯೋಗ ನಡೆಸಿದವರು ಮನಶ್ಶಾಸ್ತ್ರಜ್ಞ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್. ಬ್ಯಾಟ್ಸನ್ ದೇವಶಾಸ್ತ್ರ ಓದಿ ಮನಶ್ಶಾಸ್ತ್ರಕ್ಕೆ ಬಂದವರು. ವರದಿ ಅಚ್ಚಾದದ್ದು 1973ರಲ್ಲಿ.

ಪ್ರಯೋಗ ಹೀಗಿತ್ತು. ನಲವತ್ತು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಒಂದು ಕಟ್ಟಡಕ್ಕೆ ಕರೆದು, ನೀವು ಇನ್ನೊಂದು ಕಟ್ಟಡಕ್ಕೆ ಹೋಗಿ ಚಿಕ್ಕದೊಂದು ಭಾಷಣ ಮಾಡಬೇಕು, ಅದನ್ನು ಧ್ವನಿಮುದ್ರಿಸಿಕೊಳ್ಳುತ್ತೇವೆ ಎಂದರು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಕೊಟ್ಟ ವಿಷಯ ಸೆಮಿನರಿ ಓದಿದವರಿಗೆ ಒಪ್ಪುವ ಉದ್ಯೋಗಗಳು. ಉಳಿದವರಿಗೆ ಕೊಟ್ಟದ್ದು ಒಳ್ಳೆಯ ಸಮಾರ್ಯದವನ ಸಾಮತಿ. ಕಳಿಸಿಕೊಡುವಾಗ ಮೂರು ಬಗೆಯ ಮಾತು. ಕೆಲವರಿಗೆ, ಅಲ್ಲಿ ಇನ್ನೂ ಸಿದ್ಧತೆಯಾಗಿಲ್ಲ, ಆದರೂ ಹೊರಡಿ ಎಂದರು. ಕೆಲವರಿಗೆ, ಅಲ್ಲಿ ಸಿದ್ಧವಾಗಿದೆ, ನೇರ ಹೋಗಿ ಎಂದರು. ಇನ್ನು ಕೆಲವರಿಗೆ, ಅಯ್ಯೋ ತಡವಾಯಿತು, ಆಗಲೇ ನಿಮಗಾಗಿ ಕಾಯುತ್ತಿದ್ದಾರೆ, ಬೇಗ ಹೋಗಿ ಎಂದರು. ಎರಡು ಕಟ್ಟಡಗಳ ನಡುವಿನ ಓಣಿಯಲ್ಲಿ ಒಂದು ಬಾಗಿಲಿಗೆ ಒರಗಿ ಒಬ್ಬ ಮನುಷ್ಯ ಕುಸಿದು ಕುಳಿತಿದ್ದ. ತಲೆ ತಗ್ಗಿಸಿ, ಕಣ್ಣು ಮುಚ್ಚಿ. ವಿದ್ಯಾರ್ಥಿ ಹತ್ತಿರ ಬಂದಾಗ ಎರಡು ಸಲ ಕೆಮ್ಮಿ ನರಳಬೇಕೆಂದು ಅವನಿಗೆ ಹೇಳಿಕೊಟ್ಟಿದ್ದರು.

ನಲವತ್ತು ಮಂದಿಯಲ್ಲಿ ಹದಿನಾರು ಮಂದಿ ಮಾತ್ರ ಏನಾದರೂ ಸಹಾಯ ಮಾಡಿದರು. ಮುಂದೆ ಹೋಗಿ, ಅಲ್ಲೊಬ್ಬ ಬಿದ್ದಿದ್ದಾನೆ ಎಂದು ತಿಳಿಸಿದವರೂ ಈ ಲೆಕ್ಕದಲ್ಲಿದ್ದಾರೆ. ಅವಸರವಿಲ್ಲದ ಎಂಟು ಮಂದಿಯಲ್ಲಿ ಐದು ಮಂದಿ. ನೇರ ಹೋಗಿ ಎಂದವರಲ್ಲಿ ಇಪ್ಪತ್ತೆರಡಕ್ಕೆ ಹತ್ತು. ತಡವಾಯಿತು ಎಂದು ಕಳಿಸಿದ ಹತ್ತು ಮಂದಿಯಲ್ಲಿ ಒಬ್ಬನೇ ಒಬ್ಬ. ಯಾರು ಎಷ್ಟು ಧಾರ್ಮಿಕ, ಯಾವ ಬಗೆಯ ಧಾರ್ಮಿಕ ಎಂದು ಮೊದಲೇ ಪ್ರಶ್ನಾವಳಿ ತುಂಬಿಸಿಕೊಂಡಿದ್ದರು. ಯಾರು ನಿಲ್ಲುತ್ತಾರೆ ಎಂಬುದನ್ನು ಊಹಿಸಲು ಅದು ಉಪಯೋಗಕ್ಕೆ ಬರಲಿಲ್ಲ. ಸಮಾರ್ಯದವನ ಬಗ್ಗೆ ಭಾಷಣ ಮಾಡಲು ಹೊರಟವರಲ್ಲೇ ಕೆಲವರು ಬಿದ್ದವನನ್ನು ಅಕ್ಷರಶಃ ದಾಟಿಕೊಂಡು ಹೋದರು ಎಂದು ವರದಿಯಲ್ಲಿದೆ.

ಈ ಮಾತು ಕೇಳಿದ ಕೂಡಲೇ ನಗು ಬರುತ್ತದೆ. ಎಲ್ಲ ಧರ್ಮಗಳ ಉಪದೇಶಕರನ್ನೂ ಹಂಗಿಸಲು ಇದಕ್ಕಿಂತ ಒಳ್ಳೆಯ ಕಥೆ ಸಿಕ್ಕದು. ನಮಗೆ ಆ ನಗುವಿನಲ್ಲಿ ಪಾಲುಗೊಳ್ಳಲು ಮನಸ್ಸಿಲ್ಲ. ಒಂದನೆಯದಾಗಿ, ಲೆಕ್ಕವೇ ಅಷ್ಟು ಸರಳವಾಗಿಲ್ಲ. ಸಾಮತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟವರಲ್ಲಿ ನಿಂತವರು ಶೇಕಡಾ 53, ಉದ್ಯೋಗದ ವಿಷಯ ಹೊತ್ತು ಹೊರಟವರಲ್ಲಿ ಶೇಕಡಾ 29. ನಲವತ್ತೇ ಮಂದಿಯ ಲೆಕ್ಕದಲ್ಲಿ ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು ಎಂದು ಸಂಶೋಧಕರು ಬದಿಗಿಟ್ಟರು. ಅದನ್ನು ಹಾಗೆ ತಳ್ಳಿಹಾಕುವಂತಿಲ್ಲ ಎಂದು ಆಂಟನಿ ಗ್ರೀನ್‌ವಾಲ್ಡ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ 1975ರಲ್ಲೇ ತಕರಾರು ತೆಗೆದರು. ಧರ್ಮಗ್ರಂಥದ ಓದು ಪೂರ್ತಿ ನಿಷ್ಫಲ ಎಂದು ಈ ಪ್ರಯೋಗದ ಹೆಸರಿನಲ್ಲಿ ಸಾರುವವರು ಆ ತಕರಾರನ್ನು ಓದಿರುವುದಿಲ್ಲ.

ಎರಡನೆಯದಾಗಿ, ದಾಟಿಹೋದವರು ಕಲ್ಲೆದೆಯವರಾಗಿರಲಿಲ್ಲ. ಮುಂದಿನ ಕಟ್ಟಡ ಸೇರಿದಾಗ ಅವರಲ್ಲಿ ಹಲವರು ಕಳವಳಗೊಂಡಿದ್ದರು. ಒಂದು ಕಡೆ ತನಗಾಗಿ ಕಾಯುತ್ತಿರುವ ಮನುಷ್ಯ, ಇನ್ನೊಂದು ಕಡೆ ಬಿದ್ದಿರುವ ಮನುಷ್ಯ. ಮೊದಲನೆಯವನಿಗೆ ಮಾತು ಕೊಟ್ಟಾಗಿದೆ. ಸಮಯ ಪಾಲಿಸುವುದು, ಒಪ್ಪಿದ ಕೆಲಸ ಮುಗಿಸುವುದು ಇವೂ ಒಳ್ಳೆಯ ಗುಣಗಳೇ. ಸೆಮಿನರಿಯೇ ಕಲಿಸಿಕೊಟ್ಟ ಗುಣಗಳು. ಅಂದರೆ ಒಂದು ಸದ್ಗುಣವೇ ಇನ್ನೊಂದರ ದಾರಿಗೆ ಅಡ್ಡ ಮಲಗಿತು. ದುರ್ಗುಣ ಅಡ್ಡ ಬಂದರೆ ಅದನ್ನು ಗುರುತಿಸುವುದು ಸುಲಭ. ಕರ್ತವ್ಯವೇ ಅಡ್ಡ ಬಂದಾಗ ಮನುಷ್ಯನಿಗೆ ತಾನು ತಪ್ಪು ಮಾಡುತ್ತಿದ್ದೇನೆ ಎಂದು ತೋಚುವುದೂ ಇಲ್ಲ.

ಲೂಕನ ಕಥೆಯಲ್ಲಿ ಯಾಜಕನಿಗೆ ಈ ನೆಪವೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಹೆಣ ಮುಟ್ಟಿದರೆ ಮೈಲಿಗೆಯಾಗಿ ದೇವಾಲಯದ ಸೇವೆ ತಪ್ಪೀತೆಂದು ಅವನು ಹೆದರಿದ ಎಂದು ಕೆಲವು ವ್ಯಾಖ್ಯಾನಕಾರರು ಅವನ ಪರ ವಕಾಲತ್ತು ವಹಿಸುತ್ತಾರೆ. ಆದರೆ ಅವನು ಆ ದಾರಿಯಲ್ಲಿ ಇಳಿದುಹೋಗುತ್ತಿದ್ದ ಎಂದಿದೆ. ಯೆರೂಸಲೇಮು ಬೆಟ್ಟದ ಮೇಲೆ, ಯೆರಿಕೋ ಬಹಳ ತಗ್ಗಿನಲ್ಲಿ. ಇಳಿಯುತ್ತಿದ್ದಾನೆ ಎಂದರೆ ದೇವಾಲಯವನ್ನು ಬೆನ್ನ ಹಿಂದೆ ಬಿಟ್ಟು ಬಂದಿದ್ದಾನೆ. ಮಾರ್ಟಿನ್ ಲೂಥರ್ ಕಿಂಗ್ ಬೇರೆ ಕಾರಣ ಊಹಿಸಿದರು: ಭಯ. 1968ರ ಏಪ್ರಿಲ್ 3ರಂದು, ಕೊಲೆಯಾಗುವ ಹಿಂದಿನ ರಾತ್ರಿ, ಮೆಂಫಿಸ್ ನಗರದಲ್ಲಿ ಮಾಡಿದ ಭಾಷಣದಲ್ಲಿ ಅವರು ಇದೇ ಸಾಮತಿಯನ್ನು ಎತ್ತಿಕೊಂಡರು. ನಿಂತರೆ ನನಗೇನಾದೀತು ಎಂದು ಮೊದಲಿಬ್ಬರು ಕೇಳಿಕೊಂಡರು, ನಿಲ್ಲದಿದ್ದರೆ ಇವನಿಗೇನಾದೀತು ಎಂದು ಮೂರನೆಯವನು ಕೇಳಿಕೊಂಡ ಎಂಬುದು ಅವರ ಮಾತಿನ ತಾತ್ಪರ್ಯ. ಮುಷ್ಕರ ಹೂಡಿದ್ದ ಕಸ ಎತ್ತುವ ಕಾರ್ಮಿಕರ ಪರವಾಗಿ ಅವರು ಅಲ್ಲಿಗೆ ಬಂದಿದ್ದರು. ಕಿಂಗ್ ಕೂಡ 1951ರಲ್ಲಿ ಕ್ರೋಜರ್ ಎಂಬ ಸೆಮಿನರಿಯಿಂದ ಬಿ.ಡಿ. ಪಡೆದವರೇ. ಸೆಮಿನರಿಯಲ್ಲಿ ಓದಿದವರೆಲ್ಲ ದಾಟಿಹೋಗುತ್ತಾರೆ ಎನ್ನುವವರು ಅವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಪ್ರಿನ್ಸ್‌ಟನ್ನಿನ ಪ್ರಯೋಗದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ದಾಟಿಹೋದವರಲ್ಲ, ನಿಂತವರಲ್ಲಿ ಕೆಲವರು. ಯಾರಾದರೂ ನಿಂತು ವಿಚಾರಿಸಿದರೆ, ನನಗೆ ಉಸಿರಾಟದ ತೊಂದರೆ ಇದೆ, ಈಗಷ್ಟೇ ಮಾತ್ರೆ ತೆಗೆದುಕೊಂಡೆ, ಸ್ವಲ್ಪ ಹೊತ್ತು ಕುಳಿತರೆ ಸರಿಹೋಗುತ್ತದೆ ಎಂದು ಆ ಮನುಷ್ಯ ಹೇಳಬೇಕಿತ್ತು. ಹಾಗೆ ಹೇಳಿದರೂ ಬಿಡದೆ, ಇಲ್ಲ ನೀವು ಒಳಗೆ ಬರಲೇಬೇಕು, ಕಾಫಿ ಕುಡಿಯಲೇಬೇಕು, ಆಸ್ಪತ್ರೆಗೆ ಬರಲೇಬೇಕು ಎಂದು ಪಟ್ಟು ಹಿಡಿದವರಿದ್ದರು. ಇವರು ಬಿದ್ದವನ ಅಗತ್ಯಕ್ಕಿಂತ ಹೆಚ್ಚಾಗಿ ಸಹಾಯ ಮಾಡಬೇಕೆಂಬ ತಮ್ಮದೇ ಅಗತ್ಯಕ್ಕೆ ಓಗೊಡುತ್ತಿದ್ದಂತಿತ್ತು ಎಂದು ಸಂಶೋಧಕರಿಗೆ ಅನಿಸಿತು. ಸಿದ್ಧಾಂತದಲ್ಲಿ ಗಟ್ಟಿಯಾಗಿದ್ದವರಲ್ಲಿ ಈ ಹಟ ಹೆಚ್ಚು ಕಂಡಿತಂತೆ. ಇಂಥವರನ್ನು ನೀವೂ ಕಂಡಿರುತ್ತೀರಿ. ಕಾಯಿಲೆಯವರನ್ನು ನೋಡಲು ಬಂದವರು ಹಾಸಿಗೆಯ ಪಕ್ಕ ಕುಳಿತು, ಮಲಗಿರುವವನು ಹೂಂ ಎನ್ನುವುದಕ್ಕೂ ಬಿಡುವು ಕೊಡದಂತೆ ಧೈರ್ಯ ಹೇಳಿ, ಪುಣ್ಯ ಕಟ್ಟಿಕೊಂಡು ಎದ್ದುಹೋಗುತ್ತಾರೆ.

ನಾವು ಕಥೆ ಬರೆಯುವವರು. ಕಥೆಯೊಂದರಲ್ಲಿ ಯಾರಿಗೆ ಮಾತಿದೆ, ಯಾರಿಗಿಲ್ಲ ಎಂಬುದು ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ. ಲೂಕನ ಸಾಮತಿಯಲ್ಲಿ ಛತ್ರದವನ ಜೊತೆ ಕೂಡ ಮಾತುಕತೆಯಿದೆ. ಬಿದ್ದವನಿಗೆ ಒಂದು ಮಾತೂ ಇಲ್ಲ. ಅವನ ಹೆಸರು, ಕುಲ, ಕಸುಬು ಯಾವುದೂ ತಿಳಿಯುವುದಿಲ್ಲ. ಪ್ರಿನ್ಸ್‌ಟನ್ನಿನಲ್ಲಿ ಅವನ ಪಾಲಿಗೆ ಎರಡು ಕೆಮ್ಮು, ಒಂದು ನರಳಾಟ. ನಿಂತವನ ಪುಣ್ಯ, ದಾಟಿದವನ ಪಾಪ ಇವೇ ಚರ್ಚೆಯ ವಿಷಯ. ಧರ್ಮಗುರುಗಳ ತರಬೇತಿಯೂ ಶತಮಾನಗಳ ಕಾಲ ಹೀಗೇ ನಡೆಯಿತು. ನಿಂತಿರುವವನನ್ನು ಒಳ್ಳೆಯವನನ್ನಾಗಿ ಮಾಡುವುದು ಹೇಗೆ ಎಂಬುದಷ್ಟೇ ಅದರ ಚಿಂತೆ. ಬಿದ್ದವನಿಗೆ ಹೇಳಲು ಏನಾದರೂ ಇದ್ದೀತು, ಅವನಿಂದ ಕಲಿಯುವುದೂ ಇದ್ದೀತು ಎಂಬ ಯೋಚನೆ ತರಗತಿಯ ಒಳಗೆ ಬರಲೇ ಇಲ್ಲ.

ಅದು ಬಂದದ್ದು ಬಿದ್ದವನೊಬ್ಬ ಎದ್ದು ಬಂದು ಪಾಠ ಹೇಳಿದಾಗ. ಅವರ ಹೆಸರು ಆಂಟನ್ ಬಾಯ್ಸೆನ್. 1876ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಹುಟ್ಟಿ, ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ಓದಿದವರು. 1920ರಲ್ಲಿ ಅವರ ಮನಸ್ಸು ಒಡೆಯಿತು. ಮನೆಯವರು ಆಸ್ಪತ್ರೆಗೆ ಸೇರಿಸಿದರು. ಹದಿನೈದು ತಿಂಗಳು ಮ್ಯಾಸಚೂಸೆಟ್ಸಿನ ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯಾಗಿ ಕಳೆದರು. ತಿಳಿಯಾದ ಹೊತ್ತಿನಲ್ಲಿ ತನಗೇನಾಯಿತು ಎಂದು ತಾನೇ ಅಧ್ಯಯನ ಮಾಡತೊಡಗಿದರು. ಸುತ್ತಲಿದ್ದ ರೋಗಿಗಳನ್ನು ಗಮನಿಸಿದರು. ಭಾನುವಾರ ಬಂದು ಆರಾಧನೆ ನಡೆಸಿಹೋಗುವ ಪಾದ್ರಿಗಳನ್ನೂ ಗಮನಿಸಿದರು. ಅವರಿಗೆ ಧರ್ಮ ಗೊತ್ತಿರಬಹುದು, ನಮ್ಮ ಕಷ್ಟ ಗೊತ್ತಿಲ್ಲ ಎಂಬುದು ಬಾಯ್ಸೆನ್ನರ ದೂರಾಗಿತ್ತು.

ಗುಣವಾಗಿ ಹೊರಬಂದ ಅವರು ಮತ್ತೆ ಅಂಥದ್ದೇ ಜಾಗಕ್ಕೆ ಹೋದರು, ಈ ಸಲ ಕೆಲಸಕ್ಕೆ. 1924ರಲ್ಲಿ ವೂಸ್ಟರ್ ಸರಕಾರಿ ಮಾನಸಿಕ ಆಸ್ಪತ್ರೆಯ ಧರ್ಮಗುರುವಾದರು. ಮರುವರ್ಷದ ಬೇಸಿಗೆಯಲ್ಲಿ ನಾಲ್ವರು ದೇವಶಾಸ್ತ್ರ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆಸಿಕೊಂಡರು. ಅವರಿಗೆ ಪುಸ್ತಕ ಕೊಡುವ ಮೊದಲು ವಾರ್ಡ್ ಕೊಟ್ಟರು. ಹಗಲೆಲ್ಲ ವಾರ್ಡಿನಲ್ಲಿ ಸಹಾಯಕರಾಗಿ ದುಡಿಯಬೇಕು, ರೋಗಿಗಳ ಜೊತೆ ಇರಬೇಕು, ಆಮೇಲೆ ಕಂಡದ್ದನ್ನು ಚರ್ಚಿಸಬೇಕು. ಸೆಮಿನರಿಯಲ್ಲಿ ಹಳೆಯ ಗ್ರಂಥಗಳನ್ನು ಎಷ್ಟು ಎಚ್ಚರಿಕೆಯಿಂದ, ಎಷ್ಟು ಮರ್ಯಾದೆಯಿಂದ ಓದುತ್ತಾರೋ ಅಷ್ಟೇ ಮರ್ಯಾದೆಯಿಂದ ಈ ಜೀವಂತ ಮನುಷ್ಯ ಗ್ರಂಥಗಳನ್ನು ಓದಬೇಕು ಎಂದು ಅವರು ಹೇಳುತ್ತಿದ್ದರು. ಅದೇ 1925ರಲ್ಲಿ ಬಾಸ್ಟನ್ನಿನ ವೈದ್ಯ ರಿಚರ್ಡ್ ಕ್ಯಾಬಟ್, ವೈದ್ಯ ವಿದ್ಯಾರ್ಥಿಗಳಂತೆ ದೇವಶಾಸ್ತ್ರ ವಿದ್ಯಾರ್ಥಿಗಳಿಗೂ ಒಂದು ವರ್ಷ ರೋಗಿಗಳ ನಡುವೆ ತರಬೇತಿ ಕೊಡಬೇಕೆಂದು ಲೇಖನ ಬರೆದರು. ಇಬ್ಬರೂ ಸೇರಿ ನಡೆಸಿದ ಕೆಲಸದಿಂದ ಇಂದು ಕ್ಲಿನಿಕಲ್ ಪಾಸ್ಟರಲ್ ಎಜುಕೇಶನ್ ಎಂದು ಕರೆಯುವ ಶಿಕ್ಷಣ ಬೆಳೆಯಿತು. ಅಮೆರಿಕದಲ್ಲಿ ಅದರ ಒಂದು ಯೂನಿಟ್ ಎಂದರೆ ಕಡಿಮೆಯೆಂದರೂ 400 ಗಂಟೆ.

ಕಥೆ ಇಲ್ಲಿಗೇ ಸುಖಾಂತವಾಗಿದ್ದರೆ ಚೆನ್ನಾಗಿರುತ್ತಿತ್ತು. 1930ರಲ್ಲಿ ತಾಯಿ ತೀರಿಕೊಂಡ ವರ್ಷ ಬಾಯ್ಸೆನ್ ಮತ್ತೆ ಕುಸಿದರು. ಕೆಲವು ವಾರಗಳಲ್ಲಿ ಚೇತರಿಸಿಕೊಂಡರಾದರೂ, ಇನ್ನು ಮುಂದೆ ಇವರು ವಿದ್ಯಾರ್ಥಿಗಳಿಗೆ ಪಾಠ ಮಾಡುವುದು ಬೇಡ ಎಂದು ಕ್ಯಾಬಟ್ ಪಟ್ಟು ಹಿಡಿದರು. ಬಿದ್ದವನಿಂದ ಕಲಿಯಬೇಕು ಎಂದು ಶುರುವಾದ ಚಳವಳಿ, ಬಿದ್ದವನು ಇನ್ನೊಮ್ಮೆ ಬಿದ್ದಾಗ ಅವನನ್ನು ತರಗತಿಯಿಂದ ಹೊರಗಿಟ್ಟಿತು. ಒಂದು ಸಲ ಬಿದ್ದು ಎದ್ದವನ ಅನುಭವ ಎಲ್ಲರಿಗೂ ಬೇಕು. ಮತ್ತೆ ಬೀಳಬಹುದಾದವನು ಯಾರಿಗೂ ಬೇಡ. ಕ್ಯಾಬಟ್‌ಗೆ ವಿದ್ಯಾರ್ಥಿಗಳ ಬಗ್ಗೆ, ರೋಗಿಗಳ ಬಗ್ಗೆ ಜವಾಬ್ದಾರಿ ಇತ್ತು, ಅದನ್ನು ಅಲ್ಲಗಳೆಯಲಾರೆವು. ಆದರೂ ಇದನ್ನು ಓದುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತದೆ. ಬಾಯ್ಸೆನ್ ಇಲಿನಾಯ್‌ನ ಎಲ್ಗಿನ್ ಎಂಬ ಊರಿನ ಮಾನಸಿಕ ಆಸ್ಪತ್ರೆಗೆ ಹೋಗಿ ಅಲ್ಲಿ ಕೆಲಸ ಮುಂದುವರಿಸಿದರು. 1965ರಲ್ಲಿ ತೀರಿಕೊಂಡದ್ದೂ ಎಲ್ಗಿನ್ನಿನಲ್ಲೇ.

ಈ ಶಿಕ್ಷಣದಲ್ಲಿ ಒಂದು ಅಭ್ಯಾಸ ಇದೆ. ಅದನ್ನು ರೂಪಿಸುವುದರಲ್ಲಿ ಕ್ಯಾಬಟ್ ಜೊತೆ ದುಡಿದ ರಸೆಲ್ ಡಿಕ್ಸ್ ಎಂಬ ಆಸ್ಪತ್ರೆಯ ಧರ್ಮಗುರುವಿನ ಪಾಲು ದೊಡ್ಡದು. ವಿದ್ಯಾರ್ಥಿ ರೋಗಿಯನ್ನು ಕಂಡು ಬಂದ ಮೇಲೆ ಅಲ್ಲಿ ನಡೆದ ಮಾತುಕತೆಯನ್ನು ನೆನಪಿನಿಂದ ಮಾತಿಗೆ ಮಾತು ಬರೆಯಬೇಕು. ರೋಗಿ ಏನೆಂದ, ನಾನು ಏನೆಂದೆ, ಎಲ್ಲಿ ಸುಮ್ಮನಾದೆವು, ಯಾವಾಗ ಅವನು ಕಿಟಕಿಯ ಕಡೆ ನೋಡಿದ. ಅದನ್ನು ಸಹಪಾಠಿಗಳ ಮುಂದೆ, ಮೇಲ್ವಿಚಾರಕರ ಮುಂದೆ ಓದಬೇಕು. ಉದಾಹರಣೆಗೆ ಹೀಗೆ ಅಂದುಕೊಳ್ಳಿ. ರೋಗಿ ಹೇಳುತ್ತಾನೆ: “ರಾತ್ರಿಯೆಲ್ಲ ಫ್ಯಾನ್ ನೋಡುತ್ತಾ ಬಿದ್ದಿರುತ್ತೇನೆ.” ವಿದ್ಯಾರ್ಥಿ ಹೇಳುತ್ತಾನೆ: “ದೇವರು ನಿಮ್ಮ ಜೊತೆ ಇದ್ದಾನೆ. ಇವತ್ತು ಮನೆಯಿಂದ ಯಾರಾದರೂ ಬಂದಿದ್ದರೆ?” ಹಾಸಿಗೆಯ ಪಕ್ಕ ಕುಳಿತಾಗ ಇದು ಒಳ್ಳೆಯ ಮಾತೆಂದೇ ಅನಿಸಿರುತ್ತದೆ. ಕಾಗದದ ಮೇಲೆ ಬಂದಾಗ ಮಾತ್ರ ಗೊತ್ತಾಗುತ್ತದೆ: ಆ ಮನುಷ್ಯ ಒಂದು ಬಾಗಿಲು ತೆರೆದ, ಇವನು ದೇವರ ಹೆಸರು ಹೇಳಿ ಅದನ್ನು ಮುಚ್ಚಿದ. ಮುಚ್ಚಿದ್ದು ಯಾಕೆ? ರಾತ್ರಿಯ ಆ ಫ್ಯಾನನ್ನು ನೋಡಲು ಇವನಿಗೇ ಹೆದರಿಕೆ. ಪ್ರಿನ್ಸ್‌ಟನ್ನಿನ ಓಣಿಯಲ್ಲಿ ಕಾಲಿನಿಂದ ದಾಟಿಹೋದದ್ದನ್ನು ಇಲ್ಲಿ ಮಾತಿನಿಂದ ದಾಟಿದ್ದಾನೆ.

ಮರುಕವನ್ನು ಕಲಿಸಲು ಬಾರದು ಎಂಬುದನ್ನು ಒಪ್ಪೋಣ. ಆದರೆ ತಾನು ಎಲ್ಲೆಲ್ಲಿ ದಾಟಿಹೋಗುತ್ತೇನೆ ಎಂಬುದನ್ನು ಒಬ್ಬನಿಗೆ ತೋರಿಸಿಕೊಡಲು ಬರುತ್ತದೆ. ತೋರಿಸಿಕೊಡುವವನು ಬಿದ್ದಿರುವವನೇ, ಅವನ ಮಾತೇ. ಮೇಷ್ಟ್ರು ಬೆರಳು ತೋರುತ್ತಾರೆ ಅಷ್ಟೆ. ಸೆಮಿನರಿಯ ಮೂರು ವರ್ಷಗಳಲ್ಲಿ ಈ 400 ಗಂಟೆಗಳೇ ಹೆಚ್ಚು ಬೆಲೆಯವು ಎಂಬುದು ನಮ್ಮ ಅನಿಸಿಕೆ. ಹೀಬ್ರೂ ಬೇಡ ಎನ್ನುತ್ತಿಲ್ಲ. ಒಂದು ಪದದ ಧಾತುವಿಗಾಗಿ ಅರ್ಧ ದಿನ ತಿಣುಕುವ ತಾಳ್ಮೆಯೇ ಮುಂದೆ ಒಬ್ಬ ಮುದುಕಿಯ ತೊದಲು ಮಾತಿಗೆ ಕಾಯುವ ತಾಳ್ಮೆಯೂ ಆಗಬಹುದು. ಆಗದೆಯೂ ಹೋಗಬಹುದು. ಬಾಯ್ಸೆನ್ ಎರಡನ್ನೂ ಗ್ರಂಥ ಎಂದು ಕರೆದದ್ದು ಸುಮ್ಮನೆ ಅಲ್ಲ.

ಇದಕ್ಕೆ ಒಂದು ಆಕ್ಷೇಪಣೆಯಿದೆ, ಅದು ಹಗುರವಾದದ್ದಲ್ಲ. ಸಾಯುತ್ತಿರುವ ಮನುಷ್ಯನನ್ನು ಗ್ರಂಥ ಎನ್ನುವುದು ಸರಿಯೇ? ಅವನು ತನ್ನ ಕೊನೆಯ ಭಯವನ್ನು ಧರ್ಮಗುರುವೆಂದು ನಂಬಿ ಹೇಳಿಕೊಳ್ಳುತ್ತಾನೆ, ಅದು ಸಂಜೆ ಯಾರದೋ ಅಭ್ಯಾಸದ ಪುಟವಾಗುತ್ತದೆ. ಹೆಸರು ತೆಗೆದುಹಾಕುತ್ತಾರೆ, ಗುಟ್ಟು ಕಾಪಾಡುತ್ತಾರೆ ನಿಜ. ವೈದ್ಯ ವಿದ್ಯಾರ್ಥಿ ಕೂಡ ರೋಗಿಯ ಮೈಮೇಲೇ ಕಲಿಯುತ್ತಾನೆ, ಅದನ್ನು ಸಮಾಜ ಒಪ್ಪಿಕೊಂಡಿದೆ ಎಂದು ಸಮಾಧಾನ ಹೇಳಬಹುದು. ಆದರೆ ಮೈಯನ್ನು ಕೊಡುವುದು ಬೇರೆ, ಮನಸ್ಸನ್ನು ಕೊಡುವುದು ಬೇರೆ. ಕಥೆ ಬರೆಯುವವರು ದಿನನಿತ್ಯ ಎದುರಿಸುವ ಪ್ರಶ್ನೆಯೂ ಇದೇ. ಯಾರದೋ ಅಳಲು ನಮ್ಮ ಪುಟವಾಗುತ್ತದೆ. ಒಂದು ವ್ಯತ್ಯಾಸ ಮಾತ್ರ ಇದೆ. ನಾವು ಆ ಮಾತನ್ನು ಚಂದಗಾಣಿಸಲು ತಿದ್ದುತ್ತೇವೆ, ಆ ವಿದ್ಯಾರ್ಥಿ ತಿದ್ದುವಂತಿಲ್ಲ. ಅಲ್ಲದೆ ಅವನ ಪುಟದಲ್ಲಿ ವಿಚಾರಣೆಗೆ ಒಳಗಾಗುವವನು ರೋಗಿಯಲ್ಲ, ಬರೆದವನು. ಆಕ್ಷೇಪಣೆಗೆ ಇದು ಪೂರ್ಣ ಉತ್ತರವಾಯಿತು ಎಂದು ನಾವು ಹೇಳುವುದಿಲ್ಲ.

ಬಿದ್ದವನ ಮಾತು ತರಗತಿಗೆ ಬರುವುದೆಂದರೆ ಆಸ್ಪತ್ರೆಯ ವಾರ್ಡ್ ಮಾತ್ರವಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರದ ಕಡೆಗೆ ಎಂಬ ವಿಷಯದ ಮೇಲೆ ಮಾತಾಡಿದರು. ದಲಿತ ದೇವಶಾಸ್ತ್ರ ಎಂದು ಮುಂದೆ ಹೆಸರಾದ ಚಿಂತನೆಯ ಮೊದಲ ಹೆಜ್ಜೆ ಎಂದು ಅದನ್ನು ಗುರುತಿಸುತ್ತಾರೆ. ಭಾರತದ ಕ್ರೈಸ್ತರಲ್ಲಿ ಬಹಳ ದೊಡ್ಡ ಪಾಲು ದಲಿತ ಹಿನ್ನೆಲೆಯವರು. ಆದರೆ ಇಲ್ಲಿನ ದೇವಶಾಸ್ತ್ರ ವೇದಾಂತದ ಜೊತೆ, ಸಂಸ್ಕೃತ ಪರಂಪರೆಯ ಜೊತೆ ಸಂವಾದ ನಡೆಸುತ್ತಾ ಬಂದಿತ್ತು. ಚರ್ಚಿನ ಬೆಂಚಿನ ಮೇಲೆ ಕುಳಿತವರ ಬದುಕು ಅದರಲ್ಲಿರಲಿಲ್ಲ. ಕೌಂಡಿನ್ಯರ ಕಾಲದಿಂದ ನಿರ್ಮಲ್‌ರ ಕಾಲಕ್ಕೆ 130 ವರ್ಷ. ಅಷ್ಟೂ ವರ್ಷ ಊರಾಚೆಯ ಕೇರಿಯಿಂದ ಬಂದವರು ಸೆಮಿನರಿಯಲ್ಲಿ ಓದಲಿಲ್ಲವೆಂದಲ್ಲ. ಓದಿದರು, ಪಾಸ್ಟರುಗಳಾದರು. ಆದರೆ ಅವರು ಏನನ್ನು ಕಂಡು ಬಂದಿದ್ದರೋ ಅದು ಪಠ್ಯವಾಗಲಿಲ್ಲ. ಒಳಗೆ ಬರುವಾಗ ಅದನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರಬೇಕಿತ್ತು.

ಇಷ್ಟೆಲ್ಲ ನೆರೆಮನೆಯ ಮಾತಾಡಿ ನಮ್ಮ ಮನೆಯ ಬಗ್ಗೆ ಸುಮ್ಮನಿದ್ದರೆ ಓದುಗರು ಒಪ್ಪಲಾರರು. ನಾನು ಕಾಯಿಲೆ ಬಿದ್ದಾಗ ನೀನು ನೋಡಲು ಬರಲಿಲ್ಲ ಎಂದು ಅಂತಿಮ ದಿನ ದೇವರೇ ಮನುಷ್ಯನನ್ನು ಕೇಳುವ ಹದೀಸ್ ಇಮಾಮ್ ಮುಸ್ಲಿಮರ ಸಂಗ್ರಹದಲ್ಲಿದೆ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಏಸು ಹೇಳುವುದಕ್ಕೂ ಇದಕ್ಕೂ ಇರುವ ಹೋಲಿಕೆ ಎರಡನ್ನೂ ಓದಿದವರಿಗೆ ಗೊತ್ತು. ರೋಗಿಯನ್ನು ನೋಡಲು ಹೋಗುವುದಕ್ಕೆ ಇಯಾದತ್ ಎಂಬ ಹೆಸರಿದೆ, ಅದಕ್ಕೆ ಅದಬ್ ಇದೆ, ಹೆಚ್ಚು ಹೊತ್ತು ಕುಳಿತು ದಣಿಸಬಾರದು ಎಂಬ ಬುದ್ಧಿಮಾತಿದೆ. ದರ್ಸೆ ನಿಜಾಮಿಯಲ್ಲಿ ಎಂಟು ವರ್ಷ ಓದಿ ಬರುವ ತರುಣ ಮೌಲಾನಾ ಇದನ್ನೆಲ್ಲ ಅರಬ್ಬಿಯಲ್ಲಿ ಓದಿರುತ್ತಾನೆ. ಕ್ಯಾನ್ಸರ್ ವಾರ್ಡಿನಲ್ಲಿ ಹಿರಿಯರೊಬ್ಬರ ಜೊತೆ ನಿಂತು ಕಲಿತಿರುವುದಿಲ್ಲ. ಹಿಂದೆ ಸೂಫಿಗಳ ಸೊಹಬತ್‌ನಲ್ಲಿ ಆ ಕೆಲಸ ಆಗುತ್ತಿತ್ತು ಎನ್ನುವವರಿದ್ದಾರೆ. ಇರಬಹುದು. ಇಂದು ಮಸೀದಿಗೆ ಇಮಾಮರನ್ನು ಗೊತ್ತುಮಾಡುವಾಗ ನಾವು ಕಿರಾಅತ್ ಕೇಳುತ್ತೇವೆ, ಬಯಾನ್ ಕೇಳುತ್ತೇವೆ. ದುಃಖದ ಮನೆಯಲ್ಲಿ ಅವರು ಹೇಗೆ ಕೂರುತ್ತಾರೆ ಎಂದು ವಿಚಾರಿಸುವುದಿಲ್ಲ.

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1830ರ ದಶಕದಲ್ಲಿ ಶುರುವಾದ ಹಾರ್ಟ್‌ಫರ್ಡ್ ಸೆಮಿನರಿ ಕ್ರೈಸ್ತ ಪಾಸ್ಟರುಗಳಿಗಾಗಿ ಕಟ್ಟಿದ್ದು. 2000ದ ದಶಕದ ಆರಂಭದಲ್ಲಿ ಅಲ್ಲಿ ಇಂಗ್ರಿಡ್ ಮ್ಯಾಟ್ಸನ್ ಎಂಬ ಮುಸ್ಲಿಂ ವಿದ್ವಾಂಸೆ ಆಸ್ಪತ್ರೆ, ಜೈಲು, ಕಾಲೇಜುಗಳಲ್ಲಿ ಕೆಲಸ ಮಾಡುವ ಮುಸ್ಲಿಂ ಧರ್ಮಸೇವಕರಿಗಾಗಿ ಒಂದು ಕೋರ್ಸನ್ನು ಕಟ್ಟಿ ನಿಲ್ಲಿಸಿದರು. ಸಂಸ್ಥೆಯ ಹೆಸರು 2021ರಲ್ಲಿ ಬದಲಾಯಿತು. ಇಂಥ ಕೋರ್ಸಿನಲ್ಲಿ ಓದಿ ಆಸ್ಪತ್ರೆಯ ಕೆಲಸಕ್ಕೆ ಹೋಗುವ ಮುಸ್ಲಿಂ ವಿದ್ಯಾರ್ಥಿಗಳು ಬಾಯ್ಸೆನ್ ಹಾಕಿಕೊಟ್ಟ ದಾರಿಯಲ್ಲೇ ವಾರ್ಡುಗಳಲ್ಲಿ ಗಂಟೆಗಳನ್ನು ಪೂರೈಸಬೇಕು. ಹಾಸಿಗೆಯಲ್ಲಿ ಮಲಗಿರುವವರು ಮುಸಲ್ಮಾನರೇ ಆಗಿರಬೇಕೆಂದೇನಿಲ್ಲ. ಕ್ರೈಸ್ತ ಮುದುಕಿಯೊಬ್ಬಳು, ನನಗಾಗಿ ಪ್ರಾರ್ಥನೆ ಮಾಡುತ್ತೀಯಾ ಮಗಳೇ ಎಂದು ಹಿಜಾಬ್ ತೊಟ್ಟ ವಿದ್ಯಾರ್ಥಿನಿಯನ್ನು ಕೇಳಬಹುದು. ಯಾವ ಹೆಸರಿನಲ್ಲಿ ಮಾಡಲಿ ಎಂದು ಆಕೆ ಯೋಚಿಸುತ್ತಿರುವಾಗ ಮುದುಕಿ ಕಾಯುತ್ತಿರುತ್ತಾಳೆ. ಸಂಜೆ ಆಕೆ ಅದನ್ನು ಬರೆದು, ಪಾಸ್ಟರು, ರಬ್ಬಿ, ಕ್ಯಾಥೋಲಿಕ್ ಸಿಸ್ಟರ್ ಆಗಲಿರುವವರ ನಡುವೆ ಕುಳಿತು ಓದಬೇಕು. ಏನು ಹೇಳಿದೆ ಎಂಬುದನ್ನಷ್ಟೇ ಅಲ್ಲ, ಹೇಳುವ ಮೊದಲು ಎಷ್ಟು ಹೊತ್ತು ಸುಮ್ಮನಿದ್ದೆ ಎಂಬುದನ್ನೂ ಬರೆಯಬೇಕು.